18 ಎಂಎಂ ಬಿಟ್ ಮತ್ತೆ ಮತ್ತೆ ಸುಡುತ್ತಿದೆ: ಎಂಎಸ್ ಪ್ಲೇಟಿಗೆ ಸ್ಪೀಡ್ ಎಷ್ಟು, ಫೀಡ್ ಎಷ್ಟು?

ತುಂಗಾತೀರ ವರ್ಕ್‌ಶಾಪ್

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯ ಹತ್ತಿರ ಅಪ್ಪನ ಕಾಲದ ಸಣ್ಣ ವರ್ಕ್‌ಶಾಪ್ ನಮ್ಮದು. ಗೇಟು, ಕಿಟಕಿ ಗ್ರಿಲ್ಲು, ಅಡಿಕೆ ಸುಲಿಯುವ ಯಂತ್ರದ ಫ್ರೇಮು, ಮಳೆಗಾಲಕ್ಕೆ ಮುಂಚೆ ಕೊಳೆ ಔಷಧಿ ಹೊಡೆಯುವ ಪಂಪುಗಳ ರಿಪೇರಿ, ಇಷ್ಟೇ ಕೆಲಸ. ನಾನು ಐಟಿಐಯಲ್ಲಿ ಓದಿದ್ದು ವೆಲ್ಡರ್ ವಿಭಾಗ. ಬೆಸುಗೆ ಕೈಗೆ ಹತ್ತಿದೆ. ತೂತು ಹಾಕುವ ಕೆಲಸ ಮಾತ್ರ ಈಗ ಮರ್ಯಾದೆ ತೆಗೆಯುತ್ತಿದೆ.

ಅಡಿಕೆ ಒಣಗಿಸುವ ಅಂಗಳಕ್ಕೆ ಶೆಡ್ ಹಾಕಿಸುವವರೊಬ್ಬರು 24 ಬೇಸ್ ಪ್ಲೇಟ್ ಕೇಳಿದ್ದಾರೆ. 250 × 250 ಅಳತೆ, 16 ಎಂಎಂ ದಪ್ಪ, ಮಾಮೂಲಿ ಎಂಎಸ್ (ಮೈಲ್ಡ್ ಸ್ಟೀಲ್, ಮೆದು ಉಕ್ಕು). ಎಂ16 ಆಂಕರ್ ಬೋಲ್ಟಿಗೆಂದು ನಾಲ್ಕೂ ಮೂಲೆಯಲ್ಲಿ, ಅಂಚಿನಿಂದ 40 ಎಂಎಂ ಒಳಗೆ, 18ರ ತೂತು ಬೇಕು. ಒಟ್ಟು 96. ಪ್ಲೇಟುಗಳನ್ನು ಶಿವಮೊಗ್ಗದಲ್ಲಿ ಗ್ಯಾಸ್ ಕಟಿಂಗ್ ಮಾಡಿಸಿ ತಂದಿದ್ದೇನೆ.

ಹನ್ನೊಂದು ತೂತು ಮುಗಿಯುವಷ್ಟರಲ್ಲಿ ಬಿಟ್ಟನ್ನು ನಾಲ್ಕು ಸಲ ಸಾಣೆ ಹಿಡಿದಾಯಿತು. ಸಾಣೆ ಹಿಡಿದ ಮೇಲೆ ಮೊದಲ ಒಂದೆರಡು ತೂತು ಚೆನ್ನಾಗಿಯೇ ಬರುತ್ತವೆ. ಆಮೇಲೆ ಕಿರುಚಾಟ ಶುರುವಾಗುತ್ತದೆ. ಸುರುಳಿ ನೀಲಿಯಾಗುತ್ತದೆ, ಸ್ವಲ್ಪ ಹೊತ್ತಿಗೆ ಸುರುಳಿಯೇ ಇಲ್ಲ, ಬರೀ ಕಪ್ಪು ಪುಡಿ. ಬಿಟ್ ತೆಗೆದು ನೋಡಿದರೆ ಹೊರಮೂಲೆ ಎರಡೂ ಗುಂಡಗೆ ಸವೆದು ಕನ್ನಡಿಯ ಹಾಗೆ ಹೊಳೆಯುತ್ತಿರುತ್ತವೆ. ಹಳೆ ಎಂಜಿನ್ ಆಯಿಲ್ ಹಾಕಿ ನೋಡಿದೆ. ಹೊಗೆ ಬಂತು, ಬೇರೇನೂ ಬರಲಿಲ್ಲ.

ಯಂತ್ರ ಅಪ್ಪ ಸೆಕೆಂಡ್ ಹ್ಯಾಂಡಿನಲ್ಲಿ ತಂದ ಬೆಂಚ್ ಡ್ರಿಲ್, ಬಿಟ್ ಹಿಡಿಯುವ ಚಕ್ 13 ಎಂಎಂ. 18ರ ಬಿಟ್ ಹಿಡಿಕೆ ಸಣ್ಣ ಮಾಡಿದ್ದು. ಸ್ಪೀಡಿನ ಪ್ಲೇಟು ಅಳಿಸಿಹೋಗಿ ವರ್ಷಗಳಾದವು. ಬೆಲ್ಟು ನಾಲ್ಕು ಮೆಟ್ಟಿಲುಗಳಲ್ಲಿ ನಿಧಾನದ ಕಡೆಯಿಂದ ಎರಡನೆಯದರಲ್ಲಿದೆ. ದೊಡ್ಡ ಬಿಟ್ಟಿಗೆ ದಾರಿಯಾಗಲಿ ಎಂದು ಮೊದಲು 6ರ ಪೈಲಟ್ ತೂತು ಹಾಕುತ್ತೇನೆ. ಪ್ಲೇಟಿನ ಆಚೆ ಬದಿ ಹೊರಡುವ ಹೊತ್ತಿಗೆ ಅದರಲ್ಲೂ ಎರಡು ಬಿಟ್ ಮುರಿದವು. "ನಿಧಾನಕ್ಕೆ ಒತ್ತು, ಬಿಟ್ ಉಳಿಯುತ್ತದೆ" ಎನ್ನುವುದು ಅಪ್ಪನ ಮಾತು. ಹಾಗೆಯೇ ಒತ್ತುತ್ತಿದ್ದೇನೆ. 18ರ ಒಂದು ತೂತಿಗೆ ಎರಡು ನಿಮಿಷ ಹಿಡಿಯುತ್ತದೆ.

ಪ್ಲೇಟೇ ಗಟ್ಟಿಯೇ? ಬಿಟ್ ನಕಲಿಯೇ? ಅಥವಾ ತಪ್ಪು ನನ್ನದೇ? ಇನ್ನು 85 ತೂತು ಬಾಕಿ ಇವೆ.

ಪೀಣ್ಯ ವಿಎಂಸಿ

ಮೊದಲು ಲೆಕ್ಕ ಮಾಡೋಣ. ಬಿಟ್ಟಿನ ಹೊರಮೂಲೆ ಒಂದು ನಿಮಿಷಕ್ಕೆ ಎಷ್ಟು ಮೀಟರ್ ಓಡುತ್ತದೆಯೋ ಅದೇ ಕಟಿಂಗ್ ಸ್ಪೀಡ್. ಎಂಎಸ್‌ಗೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ಆದರೆ 25ರಿಂದ 30 ಮೀಟರ್, ಅದೂ ಕೂಲಂಟ್ (ತಂಪು ಮಾಡುವ ದ್ರವ) ಹರಿಯುತ್ತಿರಬೇಕು. ಕೂಲಂಟ್ ಇಲ್ಲದೆ ಒಣದಾಗಿ ಕೊರೆಯುವುದಾದರೆ 20ರ ಆಸುಪಾಸು. ಕಟಿಂಗ್ ಸ್ಪೀಡನ್ನು 318ರಿಂದ ಗುಣಿಸಿ, ಬಿಟ್ಟಿನ ಅಳತೆಯಿಂದ ಭಾಗಿಸಿದರೆ ಆರ್‌ಪಿಎಂ ಸಿಗುತ್ತದೆ. ಆ 318 ಎಲ್ಲಿಂದ ಬಂತೆಂದರೆ, 1000ವನ್ನು ಪೈಯಿಂದ ಭಾಗಿಸಿದ್ದು, ಅಷ್ಟೇ. ನಿಮ್ಮ 18ಕ್ಕೆ: 318 × 25 ÷ 18 = 442. ಫೀಡು, ಅಂದರೆ ಬಿಟ್ ಕೆಳಗಿಳಿಯುವ ಲೆಕ್ಕ, ಒಂದು ಸುತ್ತಿಗೆ 0.25 ಎಂಎಂ.

ನಮ್ಮಲ್ಲಿ ಕಾರ್ಬೈಡ್ ಡ್ರಿಲ್ಲುಗಳು ಇದೇ ಎಂಎಸ್‌ನಲ್ಲಿ 80 ಮೀಟರಿಗೆ ಓಡುತ್ತವೆ, ನೀಲಿ ಚಿಪ್ಸ್ ಬಂದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಚ್‌ಎಸ್‌ಎಸ್‌ನಲ್ಲಿ ನೀಲಿ ಕಂಡರೆ ಕೈ ನಿಲ್ಲಿಸಬೇಕು. ಸುಮಾರು 600 ಡಿಗ್ರಿ ದಾಟಿದರೆ ಅದರ ಗಟ್ಟಿತನವೇ ಹೋಗುತ್ತದೆ, ಆಮೇಲೆ ಅದು ಬರೀ ಕಬ್ಬಿಣದ ಕಡ್ಡಿ.

ಸ್ಪೀಡಿನ ಪ್ಲೇಟು ಅಳಿಸಿದ್ದರೆ ಚಿಂತೆ ಬೇಡ. ಮೋಟಾರಿನ ಆರ್‌ಪಿಎಂ ಮತ್ತು ಎರಡೂ ಪುಲ್ಲಿಗಳ ಪ್ರತಿ ಮೆಟ್ಟಿಲಿನ ಅಳತೆ ಕೊಡಿ, ಹೇಳುತ್ತೇನೆ.

ತುಂಗಾತೀರ ವರ್ಕ್‌ಶಾಪ್

ಧನ್ಯವಾದ ಸರ್. ಅಳೆದೆ. ಮೋಟಾರ್ 1 ಎಚ್‌ಪಿ, 1440 ಆರ್‌ಪಿಎಂ. ಎರಡೂ ಪುಲ್ಲಿಗಳ ಮೆಟ್ಟಿಲು 60, 85, 110, 135. ಒಂದು ನೇರ, ಒಂದು ತಲೆಕೆಳಗು. ನಾನೇ ಭಾಗಿಸಿ ನೋಡಿದೆ: 3240, 1863, 1113, 640. ಬೆಲ್ಟು ಇದ್ದದ್ದು 1113ರಲ್ಲಿ! ಅಂದರೆ 63 ಮೀಟರ್ ಕಟಿಂಗ್ ಸ್ಪೀಡ್. ಈ ಲೆಕ್ಕ ಸರಿಯೇ?

ಪೀಣ್ಯ ವಿಎಂಸಿ

ಸರಿಯಾಗಿದೆ. ಎರಡೂವರೆ ಪಟ್ಟು ಜಾಸ್ತಿ. ಇದು ಎಷ್ಟು ದೊಡ್ಡ ತಪ್ಪು ಎಂದರೆ, ಅಮೆರಿಕದ ಎಫ್. ಡಬ್ಲ್ಯೂ. ಟೇಲರ್ 1907ರಲ್ಲಿ ಪ್ರಕಟಿಸಿದ ಟೂಲ್ ಆಯಸ್ಸಿನ ಸೂತ್ರದ ಪ್ರಕಾರ ಎಚ್‌ಎಸ್‌ಎಸ್‌ನಲ್ಲಿ ಸ್ಪೀಡನ್ನು ಶೇಕಡ 20 ಹೆಚ್ಚಿಸಿದರೆ ಆಯಸ್ಸು ಕಾಲು ಭಾಗಕ್ಕೆ ಇಳಿಯುತ್ತದೆ. ಎರಡು ಪಟ್ಟು ಮಾಡಿದರೆ ಇನ್ನೂರೈವತ್ತರಲ್ಲಿ ಒಂದು ಪಾಲು ಉಳಿದರೆ ಹೆಚ್ಚು. ನಿಮ್ಮ ಬಿಟ್ ಎರಡು ತೂತು ತಾಳಿದ್ದೇ ದೊಡ್ಡದು, ಅದು ನಕಲಿಯಲ್ಲ. ಆದರೆ ನಿಮ್ಮ ಕೊನೆಯ ಸ್ಪೀಡಾದ 640ರಲ್ಲೂ 36 ಮೀಟರ್ ಆಗುತ್ತದೆ. ಅದೂ 18ಕ್ಕೆ ಹೆಚ್ಚೇ.

ಹಳೇ ರೇಡಿಯಲ್

ನಾನು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ 31 ವರ್ಷ ರೇಡಿಯಲ್ ಡ್ರಿಲ್ಲಿನ ಮುಂದೆ ನಿಂತವನು. ಅದರಲ್ಲಿ ಬಹುಪಾಲು ಎಚ್‌ಎಂಟಿ ಯಂತ್ರ. ತಮ್ಮಾ, ನಿನಗಿಂತ ಹಿರಿಯ, ಏಕವಚನಕ್ಕೆ ಬೇಸರ ಮಾಡಿಕೊಳ್ಳಬೇಡ.

ಪೀಣ್ಯದವರು ಸ್ಪೀಡಿನ ಬಗ್ಗೆ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಆದರೆ ನಿನ್ನ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಸಾಲು: "ಒಂದು ತೂತಿಗೆ ಎರಡು ನಿಮಿಷ." ಅದನ್ನು ಲೆಕ್ಕ ಹಾಕು. ಪ್ಲೇಟು 16, ಬಿಟ್ಟಿನ ಮೊನೆ ಐದೂವರೆ, ಒಟ್ಟು ಇಪ್ಪತ್ತೊಂದೂವರೆ ಮಿಲಿಮೀಟರ್ ಇಳಿಯಬೇಕು. ಎರಡು ನಿಮಿಷದಲ್ಲಿ 1113ರ ಲೆಕ್ಕಕ್ಕೆ ಎರಡು ಸಾವಿರದ ಇನ್ನೂರು ಚಿಲ್ಲರೆ ಸುತ್ತು. ಭಾಗಿಸಿದರೆ ಸುತ್ತಿಗೆ 0.01 ಮಿಲಿಮೀಟರ್. ಅಲಗುಗಳು ಎರಡು, ಒಂದೊಂದರ ಪಾಲಿಗೆ ಅದರಲ್ಲೂ ಅರ್ಧ. ತಲೆಕೂದಲು ಇದರ ಮುಂದೆ ಹಗ್ಗ. ಕೈಯಲ್ಲಿ ಸಾಣೆ ಹಿಡಿದ ಅಲಗಿನ ಅಂಚು ಅಷ್ಟು ತೆಳುವಾದ ಪದರವನ್ನು ಕತ್ತರಿಸುವುದೇ ಇಲ್ಲ, ಮೇಲೆ ಉಜ್ಜಿಕೊಂಡು ಹೋಗುತ್ತದೆ. ನೀನು ತೂತು ಹಾಕುತ್ತಿರಲಿಲ್ಲ ತಮ್ಮಾ, ಪ್ಲೇಟಿಗೆ ಪಾಲಿಶ್ ಮಾಡುತ್ತಿದ್ದೆ.

ನಿಮ್ಮ ತಂದೆಯವರ ಮೇಲೆ ನನಗೆ ಗೌರವವಿದೆ, ಆದರೆ "ನಿಧಾನಕ್ಕೆ ಒತ್ತು" ಎನ್ನುವುದು 3 ಎಂಎಂ ಬಿಟ್ಟಿಗೆ ಹೇಳುವ ಮಾತು. 18ರ ಬಿಟ್ಟಿಗೆ ನಿಧಾನಕ್ಕೆ ತಿರುಗಬೇಕಾದದ್ದು ಸ್ಪಿಂಡಲ್, ಅಂದರೆ ಚಕ್ಕನ್ನು ತಿರುಗಿಸುವ ದಂಡ. ಒತ್ತುವ ಕೈ ಅಂಜಬಾರದು. ನೀನು ಎರಡನ್ನೂ ಅದಲುಬದಲು ಮಾಡಿಕೊಂಡಿದ್ದೀಯೆ. ನನ್ನ ಹತ್ತಿರ ಬಂದ ಅಪ್ರೆಂಟಿಸ್ ಹುಡುಗರೆಲ್ಲರೂ ಮೊದಲ ವಾರ ಇದನ್ನೇ ಮಾಡುತ್ತಿದ್ದರು.

ಸುಟ್ಟ ಬಿಟ್ ತಾನೇ ಕಾಯಿಲೆ ಹೇಳುತ್ತದೆ. ಹೊರಮೂಲೆ ಸವೆದರೆ ಸ್ಪೀಡ್ ಜಾಸ್ತಿ, ಯಾಕೆಂದರೆ ಜೋರಾಗಿ ಓಡುವುದು ಹೊರಮೂಲೆಯೇ. ತುದಿಯ ನಡುಭಾಗ ಜಜ್ಜಿಹೋದರೆ ಅಥವಾ ಅಲಗು ಚಕ್ಕೆ ಎದ್ದರೆ ಫೀಡ್ ಜಾಸ್ತಿ, ಇಲ್ಲವೇ ಸಾಣೆಯಲ್ಲಿ ಅಲಗಿನ ಹಿಂಬದಿಯ ಇಳಿಜಾರು ತಪ್ಪಿದೆ. ನಿನ್ನದು ಮೊದಲನೆಯದು, ಅದರ ಮೇಲೆ ಉಜ್ಜಾಟದ ಬಿಸಿ.

ಈಗ ಪೀಣ್ಯದವರ 0.25ಕ್ಕೆ ಬರುತ್ತೇನೆ. ಪುಸ್ತಕದ ಪ್ರಕಾರ ಸರಿ. ನನ್ನ ರೇಡಿಯಲ್ಲಿನಲ್ಲಿ ಯಂತ್ರವೇ ಒತ್ತಿಕೊಳ್ಳಲಿ ಎಂದು ಲಿವರ್ ಹಾಕಿ ಟೀ ಕುಡಿಯುತ್ತ ನಿಲ್ಲುತ್ತಿದ್ದೆ. ಆದರೆ 442 ಆರ್‌ಪಿಎಂ, 0.25 ಫೀಡಿನಲ್ಲಿ 18ರ ತೂತು ಕೊರೆಯಲು ಹೆಚ್ಚುಕಡಿಮೆ ಒಂದೂಮುಕ್ಕಾಲು ಎಚ್‌ಪಿ ಬೇಕು. ಹುಡುಗನ ಹತ್ತಿರ ಇರುವುದು ಒಂದು. ಬೆಲ್ಟು ಜಾರುತ್ತದೆ, ಸ್ಪಿಂಡಲ್ ನಿಲ್ಲುತ್ತದೆ, ಬಿಟ್ ಚಕ್ಕಿನೊಳಗೆ ತಿರುಗಿ ಹಿಡಿಕೆಯನ್ನು ಗೀರುತ್ತದೆ. ಯಂತ್ರ ಎಷ್ಟು ತಾಳುತ್ತದೆಯೋ ಅಷ್ಟೇ ಫೀಡ್. ಈ ಯಂತ್ರಕ್ಕೆ 0.12 ಹಿಡಿದುಕೋ. ಅದರ ಕೆಳಗೆ ಇಳಿಯಬೇಡ.

ಕೈ ಫೀಡಿನಲ್ಲಿ 0.12 ಹೇಗೆ ಗೊತ್ತಾಗುತ್ತದೆ ಎಂದು ಕೇಳುತ್ತೀಯೆ. ಗಡಿಯಾರ ನೋಡು. 450 ಆರ್‌ಪಿಎಂ ಗುಣಿಸು 0.12, ನಿಮಿಷಕ್ಕೆ 54 ಮಿಲಿಮೀಟರ್. ನಿನ್ನ ಇಪ್ಪತ್ತೊಂದೂವರೆಗೆ 24 ಸೆಕೆಂಡ್. ಹಾಗಾಗಿ ಒಂದು ತೂತು 25 ಸೆಕೆಂಡಿನಲ್ಲಿ ಮುಗಿಯಬೇಕು. 40 ಆಯಿತೋ, ಉಜ್ಜುತ್ತಿದ್ದೀಯೆ. 15ಕ್ಕೆ ಮುಗಿಯಿತೋ, ಮೋಟಾರ್ ನರಳುವುದು ಕಿವಿಗೆ ಕೇಳಿಸುತ್ತದೆ. ಹತ್ತು ತೂತು ಹೀಗೆ ಎಣಿಸಿಕೊಂಡು ಹಾಕಿದರೆ ಹನ್ನೊಂದನೆಯದಕ್ಕೆ ಗಡಿಯಾರ ಬೇಕಾಗುವುದಿಲ್ಲ, ಕೈಗೇ ತಿಳಿಯುತ್ತದೆ.

ಸಾಣೆಯ ವಿಚಾರ. ಮೊನೆಯ ಕೋನ 118 ಡಿಗ್ರಿ ಇರಬೇಕು, ಎರಡೂ ಅಲಗು ಸಮನಾಗಿರಬೇಕು. ಗೇಜ್ ಇಲ್ಲದಿದ್ದರೆ ಬೇಡ, ನೀನು ವೆಲ್ಡರ್ ತಾನೆ? ಹೊಸ ಎಂ16 ನಟ್ಟುಗಳು ಎರಡನ್ನು ಸಪಾಟು ಮೇಜಿನ ಮೇಲೆ ಮಲಗಿಸಿ ಬದಿಗೆ ಬದಿ ತಾಗಿಸಿ ಒಂದು ಚುಕ್ಕೆ ಬೆಸುಗೆ ಹಾಕು. ಅವುಗಳ ನಡುವೆ ಬೀಳುವ ಕಣಿವೆ ಸರಿಯಾಗಿ 120 ಡಿಗ್ರಿ. ಬಿಟ್ಟಿನ ಮೊನೆಯನ್ನು ಅದರಲ್ಲಿ ಕೂರಿಸಿ ಬೆಳಕಿಗೆ ಹಿಡಿದು ನೋಡು. ಎರಡು ಡಿಗ್ರಿಯ ವ್ಯತ್ಯಾಸ ನಮ್ಮ ಕೆಲಸಕ್ಕೆ ಲೆಕ್ಕಕ್ಕಿಲ್ಲ. ಕೊರೆಯುವಾಗ ಎರಡೂ ಕಡೆಯಿಂದ ಒಂದೇ ಥರದ ಸುರುಳಿ ಬಂದರೆ ಸಾಣೆ ಸರಿಯಾಗಿದೆ. ಒಂದೇ ಕಡೆಯಿಂದ ಬಂದರೆ ಒಂದು ಅಲಗು ದುಡಿಯುತ್ತಿದೆ, ಇನ್ನೊಂದು ಕೂತು ತಿನ್ನುತ್ತಿದೆ, ತೂತೂ ದೊಡ್ಡದಾಗುತ್ತದೆ.

6ರ ಬಿಟ್ ಮುರಿದದ್ದಕ್ಕೆ ಸ್ಪೀಡ್ ಕಾರಣವಲ್ಲ. 1113ರಲ್ಲಿ 6ಕ್ಕೆ 21 ಮೀಟರ್, ಒಳ್ಳೆಯದೇ. ಅದು ಮುರಿದದ್ದು ಆಚೆ ಬದಿ ಹೊರಡುವಾಗ. ಮೊನೆ ಹೊರಗೆ ಬಂದ ಕ್ಷಣ ತಡೆ ಇಲ್ಲದಂತಾಗಿ, ಅಲ್ಲಿಯವರೆಗೆ ಒತ್ತಡಕ್ಕೆ ಬಾಗಿದ್ದ ಟೇಬಲ್ ಮೇಲಕ್ಕೆ ಪುಟಿಯುತ್ತದೆ, ಬಿಟ್ ಸ್ಕ್ರೂ ಥರ ಒಳಗೆ ಎಳೆದುಕೊಳ್ಳುತ್ತದೆ. ಕೊನೆಯ ಎರಡು ಮಿಲಿಮೀಟರಿನಲ್ಲಿ ಕೈ ಹಗುರ ಮಾಡು, ಕೆಳಗೆ ಮರದ ತುಂಡು ಇಡು, ನಡುವೆ ಒಂದು ಸಲ ಬಿಟ್ ಮೇಲೆತ್ತಿ ಚಿಪ್ಸ್ ಕೊಡವು. ಅಂದ ಹಾಗೆ, ಪ್ಲೇಟನ್ನು ಹೇಗೆ ಹಿಡಿದುಕೊಂಡಿದ್ದೀಯೆ ಎಂದು ನೀನು ಬರೆದೇ ಇಲ್ಲ. ಆ ಮೌನ ನನಗೆ ಹಿಡಿಸಲಿಲ್ಲ.

ಎಂಜಿನ್ ಆಯಿಲ್ ಬಿಡು. ಅದು ತಂಪು ಮಾಡುವುದಿಲ್ಲ, ಅದರ ಹೊಗೆ ಎದೆಗೆ ಕೆಟ್ಟದ್ದು. ಸೊಲ್ಯುಬಲ್ ಕಟಿಂಗ್ ಆಯಿಲ್ ಒಂದು ಲೀಟರ್ ತಾ. ಇಪ್ಪತ್ತು ಪಾಲು ನೀರಿಗೆ ಒಂದು ಪಾಲು ಎಣ್ಣೆ ಹಾಕಿ ಕಲಸು. ಎಣ್ಣೆಗೆ ನೀರು ಸುರಿಯಬೇಡ, ಮೊಸರು ಒಡೆದ ಹಾಗೆ ಆಗುತ್ತದೆ.

ಹುಬ್ಬಳ್ಳಿ ಫ್ಯಾಬ್ರಿಕೇಟರ್

ಗುರುಗಳು ಎಲ್ಲ ಹೇಳಿದ್ದಾರೆ, ಎರಡು ಮಾತು ನನ್ನದೂ ಇರಲಿ. ಪ್ಲೇಟಿನ ಅನುಮಾನ: ಐಎಸ್ 2062 ಎಂಬ ಭಾರತೀಯ ಮಾನಕದ ಇ250 ಗ್ರೇಡ್ ಆದರೆ ಕಾರ್ಬನ್ ಶೇಕಡ 0.23 ದಾಟುವಂತಿಲ್ಲ, ಬೆಣ್ಣೆಯ ಹಾಗೆ ಕೊರೆಯುತ್ತದೆ. ಗ್ಯಾಸ್ ಕಟಿಂಗ್ ಮಾಡಿದ ಅಂಚು ಗಟ್ಟಿಯಾಗುವುದು ನಿಜ, ಆದರೆ ಅದು ಕೆಲವೇ ಮಿಲಿಮೀಟರ್. 40 ಎಂಎಂ ಒಳಗೆ ಅದರ ಕಾಟ ಇರುವುದಿಲ್ಲ. ಹಳೆ ಹಡಗು ಒಡೆದ ಪ್ಲೇಟಾಗಿದ್ದರೆ ಮಾತು ಬೇರೆ, ಅದರಲ್ಲಿ ಯಾವ ಗ್ರೇಡು ಬರುತ್ತದೋ ದೇವರೇ ಬಲ್ಲ. ತೂತು ಹಾಕುವ ಜಾಗದಲ್ಲಿ ಒಳ್ಳೆಯ ಅರ ಹಾಕಿ ಉಜ್ಜಿ ನೋಡಿ. ಅರ ಕಚ್ಚಿದರೆ ಪ್ಲೇಟಿನದು ತಪ್ಪಿಲ್ಲ.

ಎರಡನೆಯದು, ಈ ಥರದ ಕೆಲಸಕ್ಕೆ ನಾವು ಮ್ಯಾಗ್ನೆಟ್ ಡ್ರಿಲ್ ಇಟ್ಟುಕೊಂಡಿದ್ದೇವೆ. ಅದರ ಕಟರ್ ಒಳಗೆ ಟೊಳ್ಳು. ಬಳೆಯಷ್ಟು ಅಗಲವನ್ನು ಮಾತ್ರ ಕತ್ತರಿಸಿ ನಡುವಿನ ಬಿಲ್ಲೆಯನ್ನು ಇಡಿಯಾಗಿ ಬೀಳಿಸುತ್ತದೆ. ಅದಕ್ಕೇ ಸಣ್ಣ ಮೋಟಾರ್ ಸಾಕು, ಪೈಲಟ್ ತೂತೂ ಬೇಡ. ಬಾಡಿಗೆಗೆ ಸಿಗುತ್ತದೆ. ಆರ್ಡರು ಪದೇ ಪದೇ ಬರುವುದಾದರೆ ಯೋಚಿಸಿ.

ಬಾಡಿಗೆ ಬೇಡ ಎಂದರೆ ಮೋಟಾರಿಗೂ ಸ್ಪಿಂಡಲಿಗೂ ನಡುವೆ ಒಂದು ಶಾಫ್ಟ್ ನಿಲ್ಲಿಸಿ ಎರಡು ಪುಲ್ಲಿ ಹಾಕಿ. ಮೋಟಾರಿನ 60ರಿಂದ ಅದರ 135ಕ್ಕೆ ಒಂದು ಬೆಲ್ಟು, ಅದರ 95ರಿಂದ ಸ್ಪಿಂಡಲಿನ 135ಕ್ಕೆ ಇನ್ನೊಂದು. 450 ಆರ್‌ಪಿಎಂ ಸಿಗುತ್ತದೆ. ಮೋಟಾರನ್ನು ಒಂದು ಬೆಲ್ಟಿನ ಅಗಲದಷ್ಟು ಕೆಳಗಿಳಿಸಬೇಕಾಗುತ್ತದೆ, ಬೆಸುಗೆ ಬಲ್ಲವರಿಗೆ ಅರ್ಧ ದಿನದ ಕೆಲಸ.

ತುಂಗಾತೀರ ವರ್ಕ್‌ಶಾಪ್

ಎಲ್ಲರಿಗೂ ನಮಸ್ಕಾರ. ಗುರುಗಳೇ, ನಿಜ ಹೇಳುತ್ತೇನೆ: ಪ್ಲೇಟನ್ನು ಕೈಯಲ್ಲೇ ಹಿಡಿಯುತ್ತಿದ್ದೆ, ತಿರುಗಿದರೆ ತಡೆಯಲಿ ಎಂದು ಟೇಬಲ್ಲಿಗೆ ಒಂದು ಬೋಲ್ಟ್ ಹಾಕಿದ್ದೆ. ಪ್ಲೇಟಿನ ಅಂಚು ಚುಚ್ಚುತ್ತದೆ ಎಂದು ವೆಲ್ಡಿಂಗ್ ಕೈಗವಸು ಹಾಕಿಕೊಂಡಿದ್ದೆ.

ಹಳೇ ರೇಡಿಯಲ್

ಬೋಲ್ಟ್ ಇದ್ದದ್ದು ಪುಣ್ಯ. ಕೈಗವಸು ಮಾತ್ರ ಇವತ್ತೇ ತೆಗೆ. ನಾನಿದ್ದ ಕಡೆ ಒಬ್ಬ ಹುಡುಗನ ಗವಸಿನ ಬೆರಳತುದಿಯನ್ನು ಸುರುಳಿ ಹಿಡಿದುಕೊಂಡಿತು. ಬರಿಗೈಯಾಗಿದ್ದರೆ ಗೀರಿ ಬಿಡುತ್ತಿತ್ತು. ಗವಸು ಬಿಡಲಿಲ್ಲ, ಕೈಯನ್ನೇ ಸುತ್ತಿಕೊಂಡಿತು. ಎರಡು ಬೆರಳು ಹೋದವು. ತಿರುಗುವ ಯಂತ್ರದ ಮುಂದೆ ಗವಸು, ಉದ್ದ ತೋಳು, ಕೊರಳಿನ ವಸ್ತ್ರ ಯಾವುದೂ ಬೇಡ. ಎರಡು ಕ್ಲ್ಯಾಂಪ್ ಹಾಕು. ಅಂಚು ಚುಚ್ಚಿದರೆ ಗ್ರೈಂಡರ್ ಹಿಡಿ.

ತುಂಗಾತೀರ ವರ್ಕ್‌ಶಾಪ್ (ಒಂಬತ್ತು ದಿನಗಳ ನಂತರ)

96 ಮುಗಿಯಿತು. ಪ್ಲೇಟುಗಳು ನಿನ್ನೆ ಹೋದವು.

ಅರ ಕಚ್ಚಿತು, ಪ್ಲೇಟು ನಿರಪರಾಧಿ. ಹುಬ್ಬಳ್ಳಿಯವರು ಹೇಳಿದ ಹಾಗೆ ನಡುವೆ ಶಾಫ್ಟ್ ನಿಲ್ಲಿಸಿದೆ. ಹಳೆ ಪಂಪಿನ ಎರಡು ಬೇರಿಂಗ್ ಬ್ಲಾಕ್ ಮೂಲೆಯಲ್ಲಿ ಬಿದ್ದಿದ್ದವು, ಪುಲ್ಲಿಗಳನ್ನು ಮಾತ್ರ ಕೊಂಡೆ. ಮೊದಲ ತೂತಿಗೆ ಕೈ ಹೆದರಿತು, 50 ಸೆಕೆಂಡ್ ಆಯಿತು, ಸುರುಳಿ ತೆಳ್ಳಗೆ ಕಾಗದದ ಹಾಗೆ ಬಂತು. ಎರಡನೆಯದಕ್ಕೆ ಅಪ್ಪ ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಎಣಿಸಲು ಶುರು ಮಾಡಿದರು. "ಇಪ್ಪತ್ತಾಯಿತು, ಇನ್ನೂ ಎಲ್ಲಿದ್ದೀಯೆ?" ಎಂದು ಅವರೇ ಗದರಿದರು. ನಿಧಾನಕ್ಕೆ ಒತ್ತು ಎಂದವರು ಇವರೇ! ನಾಲ್ಕನೆಯ ತೂತಿನಲ್ಲಿ 26 ಸೆಕೆಂಡಿಗೆ ಬಂದೆ. ಎರಡೂ ಕಡೆಯಿಂದ ದಪ್ಪ ಸುರುಳಿ, ಬೆಳ್ಳಗೆ, ಆಗಾಗ ಒಣಹುಲ್ಲಿನ ಬಣ್ಣ. ಕಿರುಚಾಟ ಹೋಗಿ ಒಂದೇ ಸಮನೆ ಗರಗರ ಸದ್ದು. ಸುರುಳಿ ಮೊಳದುದ್ದ ಬೆಳೆದು ಸುತ್ತತೊಡಗಿದಾಗ ಅರೆಕ್ಷಣ ಕೈ ಸಡಿಲಿಸಿದರೆ ತುಂಡಾಗಿ ಬೀಳುತ್ತದೆ ಎಂಬುದನ್ನು ನಾನೇ ಕಂಡುಕೊಂಡೆ.

85 ತೂತಿಗೆ ಮೂರು ಸಲ ಸಾಣೆ. ಅದರಲ್ಲೂ ಒಂದು ನನ್ನ ತಪ್ಪಿನಿಂದ: ನಟ್ಟಿನ ಗೇಜಿಗೆ ಹಿಡಿದು ನೋಡದೆ ಹಾಕಿದೆ, ಸುರುಳಿ ಒಂದೇ ಕಡೆಯಿಂದ ಬಂತು, ತೂತು ಅಳೆದರೆ 18.6. ಆಂಕರ್ ಬೋಲ್ಟಿಗೆ ನಡೆಯುತ್ತದೆ, ಬಿಟ್ಟುಬಿಟ್ಟೆ.

ಈಗ ಅವರೇ ಇನ್ನೊಂದು ಶೆಡ್ಡಿಗೆ ಕೇಳುತ್ತಿದ್ದಾರೆ. ಪ್ಲೇಟು 20 ಎಂಎಂ, ತೂತು 22. ಲೆಕ್ಕ ಹಾಕಿದೆ, 361 ಆರ್‌ಪಿಎಂ ಬಂತು. 95ರ ಬದಲು 75ರ ಪುಲ್ಲಿ ಹಾಕಿದರೆ 355 ಸಿಗುತ್ತದೆ. ಒಪ್ಪಿಕೊಳ್ಳಲೇ?

ಹಳೇ ರೇಡಿಯಲ್

ಸ್ಪೀಡಿನ ಲೆಕ್ಕ ಸರಿ. ಆದರೆ 13ರ ಚಕ್ಕಿನಲ್ಲಿ 22 ಕಚ್ಚಿಸಬೇಡ. ತಿರುಚುವ ಬಲ ವ್ಯಾಸದ ಜೊತೆ ನೇರಕ್ಕೆ ಏರುವುದಿಲ್ಲ, ವರ್ಗದ ಲೆಕ್ಕದಲ್ಲಿ ಏರುತ್ತದೆ; 18ರಿಂದ 22ಕ್ಕೆ ಹೆಚ್ಚುಕಡಿಮೆ ಒಂದೂವರೆ ಪಟ್ಟು. ಅಷ್ಟನ್ನು ಆ ಮೂರು ದವಡೆ ಹಿಡಿಯುವುದಿಲ್ಲ. ಹುಬ್ಬಳ್ಳಿಯವರು ಹೇಳಿದ ಮ್ಯಾಗ್ನೆಟ್ ಡ್ರಿಲ್ ಬಾಡಿಗೆಗೆ ತಾ, ಬಾಡಿಗೆಯನ್ನು ದರದಲ್ಲಿ ಸೇರಿಸು. ಕೈಗವಸು ಏನಾಯಿತು ಎಂದು ಹೇಳಲೇ ಇಲ್ಲ.

ತುಂಗಾತೀರ ವರ್ಕ್‌ಶಾಪ್

ಬೆಸುಗೆಗೆ ಬೇಕಲ್ಲ ಗುರುಗಳೇ, ಬಿಸಾಡಲಿಲ್ಲ. ಡ್ರಿಲ್ಲಿನಿಂದ ದೂರ, ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೇನೆ.